ಅವ್ವ ಚಂದ ಐತಿ ಅಂದ ಲ್ಯಾಪ್‌ಟಾಪ್

ಸೊಲ್ಲಾಪುರ ಬಸ್‌ಸ್ಟ್ಯಾಂಡಿನ ಹೊರಗೆ ದಾಳಿಂಬೆ ಮಾರುವ ಹೆಂಗಸಿನ ತಕ್ಕಡಿಯ ಮೇಲೆ ಒಂದು ದಿನ ನನ್ನ ಚೀಲವನ್ನು ಇಟ್ಟುಬಿಟ್ಟೆ. ದಾಳಿಂಬೆ ಕೊಳ್ಳುವ ಉದ್ದೇಶವೇನೂ ಇರಲಿಲ್ಲ. ಬೆಳಿಗ್ಗೆಯಿಂದ ಬಲ ಹೆಗಲು ಸಿಡಿಯುತ್ತಿತ್ತು, ಅಕ್ಕಲಕೋಟೆ ಬಸ್ಸು ಬರುವ ಲಕ್ಷಣ ಇರಲಿಲ್ಲ, ಯಾರ ಮೇಲಾದರೂ ಹರಿಹಾಯಬೇಕು ಅನಿಸುತ್ತಿತ್ತು. ಯಾರೂ ಸಿಗದೆ ತಕ್ಕಡಿಯ ಮೇಲೆ ಚೀಲ ಕುಕ್ಕಿದೆ. ಪುಣ್ಯಕ್ಕೆ ಅವಳು ಬೈಯಲಿಲ್ಲ. ಕರೆಂಟಿನ ತಕ್ಕಡಿಯಲ್ಲಿ ಮೂಡಿದ ಕೆಂಪು ಅಂಕಿ ನೋಡಿ ಹುಬ್ಬೇರಿಸಿದಳು.

“ಆರು ಕಿಲೋದ ಮ್ಯಾಲ ಐತಿ ನೋಡ್ರಿ ಅಕ್ಕಾರ. ಏನ್ ಒಯ್ಯಾಕತ್ತೀರಿ, ಬೀಸೂಕಲ್ಲೇನು?”

“ಲ್ಯಾಪ್‌ಟಾಪ್ ರೀ.”

“ನಮ್ಮ ಹುಡುಗೂರು ಎಲ್ಲಾ ಮೊಬೈಲಿನ್ಯಾಗ ಮಾಡ್ತಾವ. ನಿಮ್ಮದ್ಯಾಕ ಹಿಂಗ?”

ಯಾಕೆ ಹಿಂಗೆ ಎಂದು ಅವಳಿಗೆ ಹೇಳುತ್ತ ನಿಂತಿದ್ದರೆ ಬಸ್ಸು ತಪ್ಪುತ್ತಿತ್ತು. ಆದರೆ ಆ ಕೆಂಪು ಅಂಕಿ ಮಾತ್ರ ತಲೆಯಲ್ಲಿ ಕೂತುಬಿಟ್ಟಿತು. ಬಸ್ಸಿನಲ್ಲಿ ಕೂತು ಚೀಲದ ಒಳಗಿನದನ್ನೆಲ್ಲ ಮನಸ್ಸಿನಲ್ಲೇ ತೂಗಿದೆ. ಹದಿನೇಳು ಇಂಚಿನ ಹಳೆಯ ಲ್ಯಾಪ್‌ಟಾಪು, ಇಟ್ಟಿಗೆಯಂಥ ಅದರ ಚಾರ್ಜರು, ಮೌಸು, ನೂಲಿನ ಬಣ್ಣದ ಮಾದರಿಗಳ ಕಟ್ಟು, ನೀರಿನ ಬಾಟಲಿ, ಅವ್ವ ಕಟ್ಟಿಕೊಟ್ಟ ರೊಟ್ಟಿ. ಇದರಲ್ಲಿ ಯಾವುದನ್ನು ಬಿಡಲಿ? ರೊಟ್ಟಿ ಬಿಟ್ಟರೆ ಅವ್ವನ ಸಿಟ್ಟು. ಮಾದರಿ ಬಿಟ್ಟರೆ ಕೆಲಸವಿಲ್ಲ. ತಿರುಗಿ ತಿರುಗಿ ಮನಸ್ಸು ಲ್ಯಾಪ್‌ಟಾಪಿನ ಮೇಲೇ ಬಂದು ನಿಲ್ಲುತ್ತಿತ್ತು.

ನಾನು ಚಾದರಕ್ಕೆ ಡಿಸೈನು ಬರೆಯುವವಳು. ಸೊಲ್ಲಾಪುರ ಚಾದರದ ಮೇಲೆ ನವಿಲು, ಬಳ್ಳಿ, ಕಳಸ ಎಂದು ಏನೇನು ಕಾಣುತ್ತದೋ ಅದನ್ನು ಹಿಂದೆ ಚೌಕಳಿ ಕಾಗದದಲ್ಲಿ ಒಂದೊಂದೇ ಚೌಕ ತುಂಬಿ ಬರೆಯುತ್ತಿದ್ದರು. ಈಗ ಲ್ಯಾಪ್‌ಟಾಪಿನಲ್ಲಿ ಬರೆದು, ಪೆನ್‌ಡ್ರೈವಿಗೆ ಹಾಕಿ, ಮಗ್ಗಕ್ಕೆ ಚುಚ್ಚಿದರೆ ಆಯಿತು. ನಾನು ಯಾವ ಕಾರ್ಖಾನೆಯಲ್ಲೂ ಕಾಯಂ ಅಲ್ಲ. ಕರೆದಲ್ಲಿಗೆ ಹೋಗುವವಳು. ಇವತ್ತು ಸೊಲ್ಲಾಪುರದ ಹೊರಗಿನ ಚಿಂಚೋಳಿ ಎಂಐಡಿಸಿಯ ಕಾರ್ಖಾನೆ, ನಾಳೆ ಊರೊಳಗಿನ ಯಾವುದೋ ಗಲ್ಲಿ. ಡಿಸೈನನ್ನು ಮನೆಯಿಂದಲೇ ಕಳಿಸಿ ಸುಮ್ಮನೆ ಕೂರೋಣವೆಂದರೆ ಮಾಲೀಕರು ಬಿಡುವುದಿಲ್ಲ. ಮಗ್ಗದ ಬದಿಗೆ ನಿಂತೇ ಅವರಿಗೆ ಹೊಸ ವಿಚಾರಗಳು ಹೊಳೆಯುತ್ತವೆ. ಬಳ್ಳಿ ಸ್ವಲ್ಪ ದಪ್ಪ ಮಾಡಿ, ಅಂಚು ಸ್ವಲ್ಪ ಒಳಗೆ ತನ್ನಿ, ಈಗಲೇ ಮಾಡಿ. ಹೀಗಾಗಿ ಮಶೀನು ಹೆಗಲ ಮೇಲೇ ಇರಬೇಕು. ಅಕ್ಕಲಕೋಟೆಯಿಂದ ಸೊಲ್ಲಾಪುರ, ಅಲ್ಲಿಂದ ರಿಕ್ಷಾ, ಮತ್ತೆ ಸಂಜೆ ವಾಪಸು. ಕಾಲಿಗೆ ಗಾಲಿ ಕಟ್ಟಿಕೊಂಡು ಹುಟ್ಟಿದವಳು ಎಂದು ಅವ್ವ ಅನ್ನುತ್ತಾಳೆ. ಹೇಳುವವಳೇನು ಕಮ್ಮಿಯೇ? ಕುರಿಯ ಹಿಂದೆ ತಿರುಗಿದ ಮನೆತನದವಳು.

ಅವ್ವನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಮದುವೆಯಾಗಿ ಹಳ್ಳಿಯಿಂದ ಸೊಲ್ಲಾಪುರಕ್ಕೆ ಬಂದ ಅವ್ವ ಹಲವು ವರ್ಷ ಒಂದು ಚಾದರ ಕಾರ್ಖಾನೆಯ ಚೆಕಿಂಗ್‌ನಲ್ಲಿದ್ದಳು. ಮಗ್ಗದಿಂದ ಇಳಿದ ಚಾದರವನ್ನು ಉದ್ದನೆಯ ಮೇಜಿನ ಮೇಲೆ ಹಾಸಿ, ಬಲ ಅಂಚಿನಿಂದ ಎಡಕ್ಕೆ ಕಣ್ಣು ಹಾಯಿಸಿ, ತಪ್ಪು ಕಂಡಲ್ಲಿ ಸೀಮೆಸುಣ್ಣದ ಗೆರೆ ಹಾಕುವ ಕೆಲಸ. ತಪ್ಪಿಲ್ಲದ ಚಾದರಕ್ಕೆ ಅಲ್ಲಿ ಯಾರೂ ಶಹಬ್ಬಾಸ್ ಹೇಳುವುದಿಲ್ಲ. ಸುಮ್ಮನೆ ಮಡಚಿ ಆಚೆ ಇಟ್ಟು ಮುಂದಿನದನ್ನು ಎಳೆದುಕೊಳ್ಳುತ್ತಾರೆ. ಹೊಗಳಿಕೆ ಅನ್ನುವುದು ಆ ಮೇಜಿನ ಮೇಲೆ ಇಲ್ಲವೇ ಇಲ್ಲ.

ಆಮೇಲೆ ಅಪ್ಪ ತೀರಿಹೋದರು, ನಾವಿಬ್ಬರೂ ಅವ್ವನ ತವರಿಗೆ ಹತ್ತಿರವೆಂದು ಅಕ್ಕಲಕೋಟೆಗೆ ಬಂದೆವು, ಅವ್ವನಿಗೆ ಸಕ್ಕರೆ ಕಾಯಿಲೆ ಬಂತು, ಅದು ಕಣ್ಣಿಗೆ ಏರಿತು. ಆಪರೇಶನ್, ಸೂಜಿ ಎಲ್ಲ ಆಯಿತು. ಇದ್ದಷ್ಟನ್ನು ಕಾಪಾಡಿಕೊಳ್ಳಿ, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದರು. ದೊಡ್ಡದೆಲ್ಲ ಕಾಣುತ್ತದೆ, ಸಣ್ಣದು ಕಲಸಿಹೋಗುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಬಿಟ್ಟಳು. ಸೂಜಿದಾರ ಬಿಟ್ಟಳು. ಒಂದೊಂದಾಗಿ ಬಿಡುತ್ತ ಬಂದವಳು ಒಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅದು ನನ್ನ ಡಿಸೈನು ನೋಡುವುದು.

ಸಂಜೆ ನಾನು ಬಂದು ಚಹಾ ಕುಡಿದ ಮೇಲೆ ಅವ್ವ ತನ್ನ ಕುರ್ಚಿಯನ್ನು ಎಳೆದುಕೊಂಡು ನನ್ನ ಬಲಕ್ಕೆ ಕೂರುತ್ತಿದ್ದಳು. ಆ ಹದಿನೇಳು ಇಂಚಿನ ಪರದೆಯ ತುಂಬ ಡಿಸೈನು ತುಂಬಿಸಿ ಇಡುತ್ತಿದ್ದೆ. ಅವ್ವ ಮೂಗು ತಾಗುವಷ್ಟು ಮುಂದೆ ಬಾಗಿ, ಬೆರಳಿನಿಂದ ಬಲ ಅಂಚಿನಿಂದ ಎಡಕ್ಕೆ ಸವರುತ್ತ ಹೋಗುತ್ತಿದ್ದಳು. ತಪ್ಪು ಕಂಡರೆ ಬೆರಳು ನಿಲ್ಲುತ್ತಿತ್ತು. “ಇಲ್ಲಿ ನೋಡು, ಬಳ್ಳಿ ಹರದೈತಿ.” ಕಾಣದಿದ್ದರೆ, “ಹ್ಞೂಂ, ಮುಂದಿಂದು.” ಅಷ್ಟೇ. ಅವಳು ತೋರಿಸಿದ ತಪ್ಪುಗಳಲ್ಲಿ ಅರ್ಧ ತಪ್ಪೇ ಅಲ್ಲ, ಹಳೆಯ ಕಾಲದ ಹಟ. ಜಗಳ ಆಡುತ್ತಿದ್ದೆವು. ನವಿಲಿನ ಜಗಳವಂತೂ ಎಂದೂ ಮುಗಿಯುತ್ತಿರಲಿಲ್ಲ.

ಚಾದರದ ಡಿಸೈನಿನಲ್ಲಿ ನಾವು ಬರೆಯುವುದು ಒಂದೇ ತುಂಡು. ಮಗ್ಗ ಅದನ್ನೇ ಸಾಲಾಗಿ ಮತ್ತೆ ಮತ್ತೆ ನೇಯುತ್ತದೆ. ಒಂದು ತುಂಡಿನಲ್ಲಿ ಮುಖಾಮುಖಿ ಎರಡು ನವಿಲು ಕೂರಿಸಿದರೆ ನೋಡಲು ಚಂದವೇ. ಆದರೆ ಪಕ್ಕದಲ್ಲಿ ಇನ್ನೊಂದು ತುಂಡು ಬಂದು ಸೇರಿದಾಗ ಈ ಜೋಡಿಯ ನವಿಲಿನ ಬೆನ್ನಿಗೆ ಆ ಜೋಡಿಯ ನವಿಲಿನ ಬೆನ್ನು ಹತ್ತುತ್ತದೆ. ಅವ್ವನಿಗೆ ಅದು ಆಗದು. ಮದುವೆಯಲ್ಲಿ ಆಹೇರಿಯೆಂದು ಉಡುಗೊರೆ ಕೊಡುವ ಚಾದರದ ಮೇಲೆ ಬೆನ್ನು ತಿರುವಿಕೊಂಡ ಪಕ್ಷಿ ಇದ್ದರೆ ಗಂಡಹೆಂಡಿರಿಗೆ ಒಳ್ಳೆಯದಲ್ಲ ಎಂದು ಅವಳ ವಾದ. ಎರಡು ಬೆನ್ನುಗಳ ನಡುವೆ ಒಂದು ಕಳಸ ಇಡಲೇಬೇಕು. ಕಳಸ ಇಟ್ಟರೆ ತುಂಡು ಅಗಲವಾಗುತ್ತದೆ, ಅಗಲವಾದರೆ ಮಾಲೀಕರು ಗೊಣಗುತ್ತಾರೆ. ಆದರೂ ಇಡುತ್ತಿದ್ದೆ. ಇಡದಿದ್ದರೆ ಅವ್ವನ ಬೆರಳು ಅಲ್ಲಿಂದ ಮುಂದೆ ಹೋಗುತ್ತಿರಲಿಲ್ಲ.

ದಾಳಿಂಬೆಯವಳ ತಕ್ಕಡಿಯಾದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಸ್ಸಿನಲ್ಲಿ ಯಾರಾದರೂ ಸಣ್ಣ ಲ್ಯಾಪ್‌ಟಾಪು ತೆಗೆದರೆ ಅವರ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಒಬ್ಬರನ್ನಂತೂ ನಾಚಿಕೆ ಬಿಟ್ಟು, ಸ್ವಲ್ಪ ಎತ್ತಿ ನೋಡಲೇ ಎಂದು ಕೇಳಿದೆ. ಅವರು ಗಾಬರಿಯಿಂದ ಚೀಲದೊಳಗೆ ಇಟ್ಟುಕೊಂಡರು. ಬೆಳಿಗ್ಗೆ ತಲೆ ಬಾಚಲು ಬಲಗೈ ಮೇಲೆ ಏರುತ್ತಿರಲಿಲ್ಲ. ಎಡಗೈಯಿಂದ ಬಾಚಿಕೊಂಡು ವಾರೆ ಬೈತಲೆಯಲ್ಲೇ ಓಡುತ್ತಿದ್ದೆ. ಭಾರ ಹೊರುವುದು ಬಿಡದಿದ್ದರೆ ಈ ಹೆಗಲು ಹೀಗೇ ಕಚ್ಚಿಕೊಳ್ಳುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು.

ಕೊನೆಗೆ ನವಿ ಪೇಠದ ಹತ್ತಿರದ ಒಂದು ಅಂಗಡಿಗೆ ನುಗ್ಗಿದೆ. ಅಂಗಡಿಯವರು ನನಗೆ ಪರಿಚಯದವರು, ಹಳೆಯ ಮಶೀನನ್ನು ಒಂದೆರಡು ಸಲ ರಿಪೇರಿ ಮಾಡಿಕೊಟ್ಟವರು. ಮೂರು ತರದವನ್ನು ಮುಂದೆ ಇಟ್ಟರು. ಒಂದು ಹನ್ನೆರಡು ಇಂಚಿನದು, ಕೈಯಲ್ಲಿ ಹಿಡಿದರೆ ಕಿಲೋ ಕೂಡ ಇಲ್ಲ ಅನಿಸುವಂಥದ್ದು. ಇನ್ನೊಂದು ಹದಿನಾಲ್ಕು ಇಂಚಿನದು, ಆ ಕಡೆಯೂ ಅಲ್ಲ ಈ ಕಡೆಯೂ ಅಲ್ಲ. ಮೂರನೆಯದರ ಕೀಬೋರ್ಡು ಕಿತ್ತು ಬರುತ್ತಿತ್ತು, ಮಡಿಲಲ್ಲಿ ಇಟ್ಟುಕೊಂಡರೆ ಹಿಂದಕ್ಕೆ ಮಗುಚುತ್ತಿತ್ತು. ಬಸ್ಸಿನಲ್ಲಿ ಅದು ಕೆಲಸಕ್ಕೆ ಬಾರದು.

“ಅಕ್ಕಾರ, ಇದನ್ನ ನೋಡ್ರಿ, ವಜನಾನ ಇಲ್ಲ,” ಎಂದು ಹನ್ನೆರಡು ಇಂಚಿನದನ್ನು ಒಂದೇ ಕೈಯಲ್ಲಿ ತಟ್ಟೆಯಂತೆ ಹಿಡಿದು ತೋರಿಸಿದರು. “ಬ್ಯಾಟರಿ ಏಕದಂ ಮಸ್ತ್. ಮುಂಜಾನಿ ಚಾರ್ಜ್ ಮಾಡ್ರಿ, ಸಂಜೀತನಕ ಕೇಳಂಗಿಲ್ಲ.”

“ಪೆನ್‌ಡ್ರೈವ್ ಎಲ್ಲಿ ಹಾಕೂದ್ರಿ?”

“ಅದಕ ಒಂದ್ ಸಣ್ಣ ಜೋಡಣಿ ಬರ್ತೈತ್ರಿ, ಮರೀದ ಚೀಲದಾಗ ಇಟ್ಕೋಬೇಕು.”

ಅಲ್ಲೇ ಶುರುವಾಯಿತು ನನ್ನ ಒದ್ದಾಟ. ಹಗುರ ಬೇಕು, ಆದರೆ ಪರದೆ ಸಣ್ಣದು. ಬ್ಯಾಟರಿ ಒಳ್ಳೆಯದು, ಆದರೆ ದೊಡ್ಡ ಡಿಸೈನು ತೆಗೆದರೆ ಸ್ವಲ್ಪ ಹೊತ್ತು ಯೋಚನೆಗೆ ಬೀಳುತ್ತದೆ. ಫ್ಯಾನಿನ ಗದ್ದಲವಿಲ್ಲ, ಆದರೆ ತಳ ಬಿಸಿಯಾಗುತ್ತದೆ. ಕೀಬೋರ್ಡಿನಲ್ಲಿ ಅಂಕಿಗಳ ಸಾಲೇ ಇಲ್ಲ, ನನ್ನ ಬಲಗೈಗೆ ಅದರದೇ ಅಭ್ಯಾಸ. ಒಂದನ್ನು ಎತ್ತುವುದು, ಇಡುವುದು, ಅಂಗಡಿಯಿಂದ ಹೊರಗೆ ಬರುವುದು, ಬಟ್ಟೆ ಅಂಗಡಿಗಳ ಸಾಲಿನ ಕೊನೆಯವರೆಗೆ ನಡೆದು ಮತ್ತೆ ಒಳಗೆ ಹೋಗುವುದು. ಅಂಗಡಿಯವರಿಗೂ ತಲೆ ಚಿಟ್ಟು ಹಿಡಿದಿರಬೇಕು.

“ಹಿಂಗ ಮಾಡ್ರಿ ಅಕ್ಕಾರ. ಹಳೇದನ್ನ ನನ್ನ ಕಡೆ ಬಿಡ್ರಿ, ಎಕ್ಸ್‌ಚೇಂಜಿಗೆ ಹಿಡೀತೀನಿ. ಹೊಸಾದನ್ನ ಒಯ್ದು ಎಂಟ್ ದಿನ ವಾಪರಸಿ ನೋಡ್ರಿ. ಮನಸ್ಸಿಗೆ ಬರಲಿಲ್ಲಂದ್ರ ಹೆಂಗ ಒಯ್ದೀರಿ ಹಂಗ ತಂದ್ ಕೊಡ್ರಿ, ನಿಮ್ಮ ಮಶೀನ್ ನಿಮಗ. ಎಂಟ್ ದಿನದ ಮ್ಯಾಲ ಮಾತ್ರ ನಕ್ಕಿ ಆತು ಅಂತ ತಿಳ್ಕೋತೀನಿ, ತಿರಗಿ ತಗೊಳಂಗಿಲ್ಲ.”

ಎರಡನ್ನೂ ಇಟ್ಟುಕೊಳ್ಳುವಷ್ಟು ಕೈ ಹರಿಯುತ್ತಿರಲಿಲ್ಲ. ಹೊಸದು ಬೇಕೆಂದರೆ ಹಳೆಯದು ಹೋಗಬೇಕು. ಹನ್ನೆರಡು ಇಂಚಿನದನ್ನೇ ತೆಗೆದುಕೊಂಡೆ. ಬಸ್‌ಸ್ಟ್ಯಾಂಡಿನಲ್ಲಿ ದಾಳಿಂಬೆಯವಳ ಎದುರಿಗೆ ಬೇಕೆಂದೇ ಎರಡು ಸಲ ಓಡಾಡಿದೆ. ಅವಳು ನೋಡಲಿಲ್ಲ.

ಮನೆಯಲ್ಲಿ ಅವ್ವ ಅದನ್ನು ಎರಡು ಅಂಗೈಯಲ್ಲಿ ಎತ್ತಿ ತೂಗಿ ನೋಡಿದಳು. ಮುಖ ಅರಳಿತು. “ಇದೇನಬೇ, ಕುರಿಮರಿಗಿಂತಾ ಹಗರ ಐತಿ!” ಎಂದವಳೇ ದೇವರ ಮಾಡದಿಂದ ನಮ್ಮ ಮನೆದೇವರು ಬೀರೋಬಾನ ಭಂಡಾರ ತಂದಳು. ನಮ್ಮ ಮನೆಗೆ ಹೊಸದೇನು ಬಂದರೂ ಆ ಅರಿಶಿನದ ಪುಡಿ ಬೀಳಲೇಬೇಕು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಚಿಟಿಕೆ ಭಂಡಾರ ಮುಚ್ಚಳದ ಮೇಲೆ ಬಿದ್ದು, ಜಾರಿ, ಮಡಚುವ ಸಂದಿಗೆ ಇಳಿದಿತ್ತು. “ಬೇ, ಇನ್ನೂ ನಕ್ಕಿ ಆಗಿಲ್ಲ! ಎಂಟ್ ದಿನದಾಗ ವಾಪಸ್ ಕೊಡೂದಿದ್ರ ಇದ್ದಂಗ ಇರಬೇಕು,” ಎಂದು ಕೂಗಿದೆ. “ವಾಪಸ್ ಯಾಕ ಕೊಡ್ತೀದಿ?” ಎಂದಳು ಅವ್ವ. ಅಂಗಡಿಯವರ ಕರಾರನ್ನು ಪೂರ್ತಿ ಹೇಳಿದೆ. ಅವ್ವ ಸೆರಗಿನಿಂದ ಮುಚ್ಚಳ ಒರೆಸುತ್ತ ಎಲ್ಲವನ್ನೂ ಗಮನವಿಟ್ಟು ಕೇಳಿದಳು.

ಅವತ್ತು ಸಂಜೆ ಮೊದಲ ಡಿಸೈನು ತೋರಿಸಿದೆ. ಅವ್ವ ಕುರ್ಚಿ ಎಳೆದುಕೊಂಡು ಬಲಕ್ಕೆ ಕೂತಳು. ಬಾಗಿದಳು. ಬೆರಳು ಎತ್ತಲಿಲ್ಲ.

“ಚಂದ ಐತಿ,” ಎಂದಳು.

ನನಗೆ ಖುಷಿಯಾಯಿತು. ಈ ಜನ್ಮದಲ್ಲಿ ಅವ್ವನ ಬಾಯಿಂದ ಆ ಮಾತು ಬರುತ್ತದೆ ಅಂದುಕೊಂಡಿರಲಿಲ್ಲ. ಹೊಸ ಪರದೆ ಅಷ್ಟು ಝಗಝಗ ಇತ್ತು, ಬಣ್ಣ ಅಷ್ಟು ಗಾಢವಾಗಿತ್ತು, ಅದಕ್ಕೇ ಅಂದಳು ಎಂದು ತಿಳಿದೆ.

ಮುಂದಿನ ದಿನಗಳಲ್ಲಿ ನಾನು ಹೆಗಲಿಗೆ ರೆಕ್ಕೆ ಬಂದವಳಂತೆ ತಿರುಗಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಡಿಸೈನು ಬರೆದೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬರೆದೆ. ವಿಜಾಪುರ ರಸ್ತೆಯ ಒಂದು ಚಹಾದಂಗಡಿಯಲ್ಲಿ ಚಹಾ ಆರಿಹೋಗುವವರೆಗೆ ಬರೆದೆ. ಬಿಸಿಲು ಬಿದ್ದರೆ ಪರದೆಯಲ್ಲಿ ನನ್ನ ಮೂಗೇ ಕಾಣುತ್ತಿತ್ತು, ಸೀರೆಯ ಸೆರಗನ್ನು ಡೇರೆಯಂತೆ ಕಟ್ಟಿಕೊಂಡು ಬರೆದೆ. ಮೊದಲು ಪ್ರಯಾಣದಲ್ಲಿ ಹೆಗಲು ನೋಯುತ್ತಿತ್ತು, ಆದರೆ ತಲೆ ಖಾಲಿ ಇರುತ್ತಿತ್ತು. ಹೊರಗೆ ತೊಗರಿ ಹೊಲ, ದ್ರಾಕ್ಷಿ ತೋಟ ನೋಡಿಕೊಂಡು ನಿದ್ದೆ ಹೋಗುತ್ತಿದ್ದೆ. ಈಗ ಕೈ ಸುಮ್ಮನಿರುತ್ತಿರಲಿಲ್ಲ. ತೆಗೆಯಲು ಅಷ್ಟು ಸುಲಭವಾದ ವಸ್ತು ಚೀಲದಲ್ಲಿದ್ದರೆ ತೆಗೆಯದೆ ಇರುವುದು ಹೇಗೆ? ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದೆ. ಪೆನ್‌ಡ್ರೈವಿನ ಜೋಡಣೆಯನ್ನು ಒಂದು ದಿನ ಮನೆಯಲ್ಲೇ ಮರೆತು ಕಾರ್ಖಾನೆಯಲ್ಲಿ ಮೂರ್ಖಳಂತೆ ನಿಂತೆ. ಚೀಲ ಹಗುರಾಗಿದ್ದನ್ನು ಕಂಡ ಅವ್ವ ರೊಟ್ಟಿಯ ಸಂಖ್ಯೆ ಏರಿಸಿದಳು. ಶೇಂಗಾ ಹಿಂಡಿಯ ಡಬ್ಬಿ, ಮೊಸರಿನ ಡಬ್ಬಿ ಬಂದು ಕೂತವು. “ಜಾಗಾ ಐತೆಲ್ಲ,” ಎಂದಳು.

ಪ್ರತಿ ಸಂಜೆ ಅವ್ವ ಬಲಕ್ಕೆ ಕೂತಳು. ಪ್ರತಿ ಸಂಜೆ “ಚಂದ ಐತಿ” ಎಂದಳು. ಜಗಳವಿಲ್ಲ, ಬಳ್ಳಿ ಹರಿದದ್ದಿಲ್ಲ. ಬೇಗ ಮುಗಿಯುತ್ತಿತ್ತು. ಎಲ್ಲೋ ಒಂದು ಕಡೆ ಏನೋ ಸರಿಯಿಲ್ಲ ಅನಿಸುತ್ತಿದ್ದದ್ದು ನಿಜ. ಆದರೆ ಯಾರಾದರೂ ಹೊಗಳುತ್ತಿರುವಾಗ ಅದನ್ನು ಕೆದಕುವ ಬುದ್ಧಿ ನನಗೆ ಬರಲಿಲ್ಲ.

ಆ ವಾರ ಚಿಂಚೋಳಿಯ ಒಂದು ಕಾರ್ಖಾನೆಗೆ ಮದುವೆಯ ಆಹೇರಿ ಚಾದರದ ಡಿಸೈನು ಕೊಡುವುದಿತ್ತು. ನವಿಲಿನದೇ. ಮುಖಾಮುಖಿ ಎರಡು ನವಿಲು, ತುಂಡಿನ ಎರಡೂ ಅಂಚಿಗೆ ಅರ್ಧ ಅರ್ಧ ಕಳಸ, ಪಕ್ಕದ ತುಂಡು ಸೇರಿದಾಗ ಎರಡು ಅರ್ಧ ಕೂಡಿ ಒಂದು ಪೂರ್ಣ ಕಳಸ. ಅವ್ವನ ಕಾಟಕ್ಕೆ ನಾನೇ ಕಂಡುಕೊಂಡ ಉಪಾಯ ಅದು. ಅಲ್ಲಿಯ ಮಗ್ಗದ ಮಾಸ್ತರರು ಫೋನು ಮಾಡಿ, ತುಂಡು ಅಗಲವಾಯಿತು, ಸ್ವಲ್ಪ ಕಮ್ಮಿ ಮಾಡಿ ಎಂದರು. ಬಸ್ಸಿನಲ್ಲೇ ತೆಗೆದೆ. ಆ ಸಣ್ಣ ಪರದೆಯಲ್ಲಿ ಕಾಣುತ್ತಿದ್ದದ್ದು ಬರೀ ಎರಡು ನವಿಲು, ಅಂಚುಗಳು ಆಚೆಗೇ ಉಳಿದಿದ್ದವು. ಎರಡೂ ಬದಿಯಿಂದ ಒಂದಿಷ್ಟು ಕತ್ತರಿಸಿದೆ. ನವಿಲಿಗೆ ಏನೂ ಆಗಲಿಲ್ಲ, ಲಕ್ಷಣವಾಗಿಯೇ ಇದ್ದವು. ಸಂಜೆ ಅವ್ವನಿಗೆ ತೋರಿಸಿದೆ.

“ಚಂದ ಐತಿ. ನವಲಾ ಅಲ್ಲ?”

“ಹೌದ ಬೇ, ನವಿಲು.”

“ಭಾಳ ಚಂದ ಐತಿ.”

ಎರಡು ದಿನ ಬಿಟ್ಟು ಕಾರ್ಖಾನೆಗೆ ಹೋದಾಗ ಮಾದರಿ ಚಾದರ ಮಗ್ಗದಿಂದ ಇಳಿದಿತ್ತು. ಮಾಸ್ತರರು ಅದನ್ನು ಮೇಜಿನ ಮೇಲೆ ಹರಡಿ, “ಏಕ ನಂಬರ್ ಆಗೇತ್ರಿ ಮೇಡಂ,” ಎಂದರು. ನಾನು ನೋಡಿದೆ. ಚಾದರದ ತುಂಬ ನವಿಲುಗಳು. ಒಂದು ಜೋಡಿ ಮುಖಾಮುಖಿ, ಅದರ ಪಕ್ಕದಲ್ಲೇ ಬೆನ್ನಿಗೆ ಬೆನ್ನು. ನಡುವೆ ಒಂದೂ ಕಳಸವಿಲ್ಲ. ಬದಿ ಕತ್ತರಿಸುವಾಗ ಎರಡೂ ಅರ್ಧ ಕಳಸಗಳು ಹೋಗಿಬಿಟ್ಟಿದ್ದವು. ಬಾಲಕ್ಕೆ ಬಾಲ ತಾಗಿಸಿ ಮುನಿಸಿಕೊಂಡು ನಿಂತ ಪಕ್ಷಿಗಳ ದೊಡ್ಡ ಸಂಸಾರದಂತೆ ಇತ್ತು ಆ ಚಾದರ.

“ಇದು ತಪ್ಪಾಗೇತ್ರಿ ಮಾಸ್ತರ. ನಡಬರಕ ಕಳಸ ಬರಬೇಕಿತ್ತು.”

“ಯಾರ್ ನೋಡ್ತಾರ್ರಿ? ಮಸ್ತ್ ವಿಕ್ರಿ ಆಗ್ತೈತಿ.”

ಯಾರು ನೋಡುತ್ತಾರೆ ಎಂಬ ಮಾತು ಕಿವಿಗೆ ಬಿದ್ದ ಕ್ಷಣ ನನಗೆ ಅವ್ವ ನೆನಪಾದಳು. ನನ್ನಿಂದ ತಪ್ಪಾದದ್ದು ದೊಡ್ಡದಲ್ಲ, ಒಂದು ಗಂಟೆಯಲ್ಲಿ ತಿದ್ದಬಹುದು. ಆದರೆ ಅವ್ವ ಇದನ್ನು ನೋಡಿದ್ದಳು. ಮೂರು ಸಲ ತೋರಿಸಿದರೂ ಮೂರು ಸಲವೂ ಕಳಸ ಎಲ್ಲಿ ಎಂದು ಕೇಳುವ ಹೆಂಗಸು ಇದಕ್ಕೆ ಭಾಳ ಚಂದ ಐತಿ ಅಂದಿದ್ದಳು. ಚೆಕಿಂಗ್ ಮೇಜಿನಿಂದ ಬಂದವಳು ಹೊಗಳುವುದುಂಟೇ? ಒಂದು ವಾರ ಅವಳು ಒಂದು ಸಲವೂ ಬೆರಳು ಎತ್ತಿರಲಿಲ್ಲ. ಒಂದು ಸಲವೂ ಮುಂದಿಂದು ಅಂದಿರಲಿಲ್ಲ.

ಡಿಸೈನು ತಿದ್ದಿ ನಾಡಿದ್ದು ತರುತ್ತೇನೆಂದು ಹೇಳಿ, ಆ ಮಾದರಿ ಚಾದರವನ್ನು ಕೇಳಿ ತೆಗೆದುಕೊಂಡು ಹೊರಟೆ. ಅಕ್ಕಲಕೋಟೆಯ ದಾರಿ ಅಷ್ಟು ಉದ್ದವಿದೆ ಎಂದು ಅವತ್ತೇ ಗೊತ್ತಾದದ್ದು. ಲ್ಯಾಪ್‌ಟಾಪು ಚೀಲದಿಂದ ಹೊರಗೆ ಬರಲಿಲ್ಲ. ಕೂತಲ್ಲಿ ಕೂರಲಾಗದೆ, ಮುಂದಿನ ಸೀಟಿನ ಸರಳು ಹಿಡಿದು ಎದ್ದು ನಿಂತೆ. ಕಂಡಕ್ಟರು, ಇಳಿಯುವುದಿದೆಯೇ ಎಂದು ಕೇಳಿದರು. ಇಲ್ಲವೆಂದು ಮತ್ತೆ ಕೂತೆ. ಅವ್ವನ ಮೇಲೆ ಸಿಟ್ಟು ಬರುತ್ತಿತ್ತು. ಸುಳ್ಳು ಯಾಕೆ ಹೇಳಬೇಕಿತ್ತು? ಆ ಸಿಟ್ಟಿನ ಕೆಳಗೆ ಅಳು ಕೂತಿತ್ತು. ಮರುದಿನ ಅಂಗಡಿಯವರು ಹೇಳಿದ ಎಂಟನೆಯ ದಿನ.

ಮನೆ ಮುಟ್ಟಿದಾಗ ಬಾಗಿಲಿನಿಂದ ಇಳಿಬಿಸಿಲು ಒಳಗೆ ಬರುತ್ತಿತ್ತು. ಅವ್ವನ ಮಂಚದ ಮೇಲೆ ಏನೂ ಹೇಳದೆ ಚಾದರ ಹಾಸಿದೆ. ಅವ್ವ ಎದ್ದು ಬಂದಳು. ಅಂಚು ಹಿಡಿದು ಬಲದಿಂದ ಎಡಕ್ಕೆ ಸವರುತ್ತ ಹೋದಳು. ಅಂಗೈಯಗಲದ ನವಿಲುಗಳು, ಬಿಸಿಲಿನ ಬೆಳಕು. ಬೆರಳು ನಿಂತಿತು.

“ಇದನ್ಯಾರ ಬರದಾರ? ಬೆನ್ನ ತಿರಿವಿ ನಿಂತಾವಲ್ಲ. ಕಳಸ ಎಲ್ಲೈತಿ?”

“ನಾನ ಬರದೀನಿ ಬೇ. ಮೊನ್ನಿ ನಿನಗ ತೋರಿಸಿದ್ನೆಲ್ಲ. ಭಾಳ ಚಂದ ಐತಿ ಅಂದಿ.”

ಅವ್ವನ ಕೈ ಚಾದರದ ಮೇಲೆಯೇ ಉಳಿಯಿತು. ಮುಖ ಆಚೆ ತಿರುಗಿಸಿದಳು.

“ಬೇ, ಖರೆ ಹೇಳು. ಆ ಸಣ್ಣ ಮಶೀನಿನ್ಯಾಗ ನಿನಗೇನ ಕಾಣ್ತೈತಿ?”

ಚಾದರದ ಅಂಚು ಮಡಚುತ್ತ ಹೇಳಿದಳು. “ಬೆಳಕ ಕಾಣ್ತೈತಿ. ಅದರಾಗ ಏನೋ ಹರದಾಡಿದಂಗ ಆಗ್ತೈತಿ.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ಮರುದಿನಾನ ವಾಪಸ್ ಕೊಟ್ಟ ಬರ್ತಿದ್ದಿ. ಮತ್ತ ಆ ಕಲ್ಲ ಹೆಗಲಿಗಿ ಹಾಕ್ಕೋತಿದ್ದಿ. ಎಂಟ್ ದಿನ ಕಳದ್ರ ಅಂವ ತಗೊಳಂಗಿಲ್ಲ ಅಂದಿದ್ದೆಲ್ಲ, ಆಮ್ಯಾಲ ಹೇಳೂಣು ಅಂತ ಮಾಡಿದ್ದೆ. ಮುಂಜಾನಿ ಕೈ ಎತ್ತಿ ತಲಿ ಬಾಚ್ಕೊಳಾಕ ಆಗದ ಒದ್ದಾಡ್ತಿದ್ದೆಲ್ಲ, ಅದು ನನಗ ಕಾಣಂಗಿಲ್ಲ ಅಂತ ತಿಳ್ಕೊಂಡೀಯೇನ? ಅದು ದೊಡ್ಡದೈತಿ. ಅದು ಕಾಣ್ತೈತಿ.”

ನಾನು ಅಳುತ್ತ ನೆಲದ ಮೇಲೆ ಕೂತೆ. ಅಳುವುದರ ನಡುವೆಯೇ ಜಗಳವನ್ನೂ ಆಡಿದೆವು. ನಾಳೆ ವಾಪಸು ಕೊಟ್ಟು ಬರುತ್ತೇನೆಂದು ನಾನು. ಕೊಟ್ಟು ಬಂದರೆ ನಿನ್ನ ಪಕ್ಕ ಕೂರುವುದೇ ಇಲ್ಲ, ಹೋಗು ಎಂದು ಅವಳು. “ನಾ ನೋಡಿದ್ರೆಷ್ಟು ಬಿಟ್ರೆಷ್ಟು? ಮುದುಕಿ ನೋಡಿ ಚಾದರಕ್ಕ ಏನ್ ಕಿಮ್ಮತ್ತು ಬರ್ತೈತಿ? ನಿನ್ನ ಹೆಗಲ ಹೋದ್ರ ಯಾರ ಕೊಡ್ತಾರ?” ಎಂದಳು. ಅವಳು ಹೇಳುತ್ತಿದ್ದದ್ದು ಸರಿಯೇ ಇತ್ತು. ನನಗೆ ಅದು ಬೇಡವಾಗಿತ್ತು, ಅಷ್ಟೇ. ಆ ಕುರ್ಚಿ ನನ್ನ ಬಲಕ್ಕೆ ಬೇಕಾಗಿತ್ತು. ಅವಳು ಬೆಳಕನ್ನು ನೋಡುತ್ತ ಚಂದ ಐತಿ ಅನ್ನುವುದು ನನಗೆ ಬೇಡವಾಗಿತ್ತು.

ಮರುದಿನ ಗುರುವಾರ. ಸ್ವಾಮಿಗಳ ಮಠದ ದರ್ಶನಕ್ಕೆ ಬಂದವರಿಂದ ಅಕ್ಕಲಕೋಟೆ ತುಂಬಿತ್ತು. ನವಿ ಪೇಠದ ಅಂಗಡಿಯವರು ಹನ್ನೆರಡು ಇಂಚಿನದನ್ನು ತಿರುವಿ ಮುರುವಿ ನೋಡಿದರು. ಮಡಚುವ ಸಂದಿಯಲ್ಲಿ ಹಳದಿ ಗೆರೆ ಉಳಿದಿತ್ತು. ಒರೆಸುವ ಕಡ್ಡಿಯಿಂದ ಎಷ್ಟು ತೆಗೆದರೂ ಅದು ಪೂರ್ತಿ ಹೋಗಿರಲಿಲ್ಲ.

“ಇದೇನ್ರಿ ಅಕ್ಕಾರ?”

“ಭಂಡಾರರಿ. ನಮ್ಮವ್ವ ಹಚ್ಚ್ಯಾಳ.”

“ದೇವರ ಭಂಡಾರ ಹಚ್ಚಿದ್ದನ್ನ ಯಾರರೆ ವಾಪಸ್ ಕೊಡ್ತಾರೇನ್ರಿ?” ಎಂದು ತಲೆ ಕೆರೆದುಕೊಂಡರು. ಟಿವಿಗೆ ಜೋಡಿಸಿ ದೊಡ್ಡದಾಗಿ ತೋರಿಸಬಹುದಲ್ಲ ಎಂದು ಉಪಾಯವನ್ನೂ ಹೇಳಿದರು. ನಮ್ಮ ಟಿವಿ ಹಿಂದೆ ಡುಬ್ಬ ಇರುವ ಹಳೆಯ ಕಾಲದ್ದು, ಅದಕ್ಕೂ ಈ ಮಶೀನಿಗೂ ಮಾತೇ ಇಲ್ಲ ಎಂದೆ. ಅವ್ವನ ಕಣ್ಣಿನ ವಿಷಯ ಹೇಳಿದೆ. ಅವರು ಇನ್ನೇನೂ ಕೇಳದೆ ಒಳಗಿನಿಂದ ನನ್ನ ಕಲ್ಲನ್ನು ತಂದು ಮುಂದಿಟ್ಟರು. ಹೆಗಲಿಗೆ ಹಾಕಿದ ಕೂಡಲೇ ಅದು ತನ್ನ ಹಳೆಯ ಜಾಗವನ್ನು ಕಂಡುಕೊಂಡಿತು.

ಸಂಜೆಯ ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಚೀಲವನ್ನು ಪಾದಗಳ ನಡುವೆ ಇಟ್ಟುಕೊಂಡು ಊರವರೆಗೆ ನಿಂತೇ ಬಂದೆ. ಬುದ್ಧಿ ಇದ್ದವರು ಯಾರೂ ಹೀಗೆ ಮಾಡುವುದಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಂಡೆ. ಮುಂದಿನ ವರ್ಷ ಕೈ ಪೂರ್ತಿ ಏರದಿದ್ದರೆ ಏನು ಮಾಡುವೆ? ಗೊತ್ತಿಲ್ಲ. ಇಳಿದು ಮನೆಯ ಕಡೆ ನಡೆಯುವಾಗ ಮಾತ್ರ ಕಾಲುಗಳು ತಾವಾಗಿಯೇ ಬಿರುಸಾದವು.

ಅವ್ವ ಚೀಲದ ಸದ್ದಿನಿಂದಲೇ ತಿಳಿದುಕೊಂಡಳು. ಚಹಾ ಕೊಟ್ಟಳು, ಸಿಟ್ಟಿಗೆ ನನ್ನ ಲೋಟಕ್ಕೂ ಸಕ್ಕರೆ ಹಾಕಿರಲಿಲ್ಲ. ಕುಡಿದು ಲೋಟ ಇಡುವಷ್ಟರಲ್ಲಿ ಎಣ್ಣೆಯ ಬಟ್ಟಲು ಬಿಸಿ ಮಾಡಿ ತಂದು, ಕುಪ್ಪಸ ಸರಿಸಿ, ಬಲ ಹೆಗಲನ್ನು ಕಣಕ ನಾದಿದಂತೆ ನಾದತೊಡಗಿದಳು. “ಹುಚ್ಚಿ. ನಿನ್ನಂಥಾ ಹುಚ್ಚಿ ಎಲ್ಲೂ ಇಲ್ಲ,” ಎಂದು ಬೈಯುತ್ತಲೇ ಇದ್ದಳು. ನೋವಿಗೆ ನಾನು ಹಲ್ಲು ಕಚ್ಚಿಕೊಂಡೆ.

ತಿಕ್ಕುವುದು ಮುಗಿದ ಮೇಲೆ ಹಳೆಯ ಮಶೀನು ತೆಗೆದೆ. ಫ್ಯಾನು ಗೊರಗೊರ ಎಂದಿತು. ಕಳಸ ಮತ್ತೆ ಕೂರಿಸಿದ ನವಿಲಿನ ಡಿಸೈನನ್ನು, ತುಂಡಿನ ಪಕ್ಕ ತುಂಡು ಜೋಡಿಸಿ, ಪರದೆ ತುಂಬ ತೆರೆದಿಟ್ಟು ಅವ್ವನ ಕಡೆ ನೋಡದೆ ಕೂತೆ. ಒಲೆಯ ಹತ್ತಿರ ಪಾತ್ರೆ ಸರಿಸಿದ ಸದ್ದು ಕೇಳಿತು. ಆಮೇಲೆ ನೆಲದ ಮೇಲೆ ಕುರ್ಚಿ ಎಳೆದ ಸದ್ದು.

ಅವ್ವ ಮೂಗು ತಾಗುವಷ್ಟು ಬಾಗಿದಳು. ಎಣ್ಣೆಯ ಬೆರಳು ಪರದೆಯ ಬಲ ಅಂಚಿಗೆ ಹತ್ತಿತು, ನಿಧಾನವಾಗಿ ಎಡಕ್ಕೆ ಹೊರಟಿತು. ನವಿಲು, ನವಿಲು, ಕಳಸ. ನವಿಲು, ನವಿಲು, ಕಳಸ. ಅದರ ಹಿಂದೆ ಹೊಳೆಯುವ ಒಂದು ಗೆರೆ ಉಳಿಯುತ್ತ ಬಂತು. ಎಡ ಅಂಚು ಮುಟ್ಟುವವರೆಗೆ ಬೆರಳು ಎಲ್ಲಿಯೂ ನಿಲ್ಲಲಿಲ್ಲ. ನಾನು ಕಾಯುತ್ತಿದ್ದೆ. ಎಲ್ಲಿ ಚಂದ ಐತಿ ಅಂದುಬಿಡುತ್ತಾಳೋ ಎಂದು ಹೆದರಿಕೆಯಾಗಿತ್ತು.

“ಹ್ಞೂಂ,” ಎಂದಳು ಅವ್ವ. “ಮುಂದಿಂದು.”